ಐದು ತಾಲ್ಲೂಕುಗಳ ಬಿಸಿಲೂ ಗಣಕಯಂತ್ರದ ಸದ್ದೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1953ರ ಅಕ್ಟೋಬರ್ 1ರಂದು ಮದರಾಸಿನ ಆಡಳಿತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಹರಪನಹಳ್ಳಿಯು ದಾವಣಗೆರೆಯ ಪಾಲಾಗಿ, ಎರಡು ದಶಕಗಳ ಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯ ಅಂಗವಾಯಿತು. ಗಡಿಗಳು ಹೀಗೆ ಎಷ್ಟು ಸಾರಿ ಸರಿದರೂ ಚೈತ್ರ ವೈಶಾಖಗಳ ಬಿಸಿಲೂ ಗಾಳಿಯೊಡನೆ ಏಳುವ ಧೂಳೂ ಇದ್ದಲ್ಲಿಯೇ ಇವೆ. ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವವನು, ಅದು ಸದ್ದಿಲ್ಲದೆ ದುಡಿಯಬೇಕೆಂದು ಬಯಸಿದನಾದರೆ, ಅಂಗಡಿಯವನ ದರಪಟ್ಟಿಯನ್ನು ನೋಡುವುದಕ್ಕೆ ಮೊದಲು ಈ ಎರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಇಲ್ಲಿಯ ರೈತನಿಗೆ ಗಣಕಯಂತ್ರದ ಪರಿಚಯವಾದುದು ಬಹುಮಟ್ಟಿಗೆ ಪಹಣಿಯ ನೆಪದಿಂದ. ಈ ಶತಮಾನದ ಆರಂಭದಲ್ಲಿ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಅಂದಿನ 177 ತಾಲ್ಲೂಕುಗಳ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದ ಮೇಲೆ, 15 ರೂಪಾಯಿ ತೆತ್ತು ಅಚ್ಚಾದ ಹಾಳೆಯನ್ನು ಪಡೆಯಲು ಜನ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಿದರು. ಕೊಟ್ಟೂರು ಆಗಿನ್ನೂ ಹೋಬಳಿಯಾಗಿದ್ದುದರಿಂದ ಅಲ್ಲಿಯವರು ಕೂಡ್ಲಿಗಿಗೆ ಹೋಗಬೇಕಾಗಿತ್ತು. ಮುದ್ರಣಾಲಯಗಳಲ್ಲಿ ಅಚ್ಚುಮೊಳೆಗಳ ಜಾಗಕ್ಕೆ ಡಿಟಿಪಿ ಬಂದಿತು. 1998ರ ‘ಬರಹ’ ಮತ್ತು ಅನಂತರ ಕನ್ನಡ ಗಣಕ ಪರಿಷತ್ತು ಹೊರತಂದ ‘ನುಡಿ’ ತಂತ್ರಾಂಶಗಳಿಂದ ಮದುವೆಯ ಕರೆಯೋಲೆಯೂ ಜಾತ್ರೆಯ ಕರಪತ್ರವೂ ಪರದೆಯ ಮೇಲೆ ಸಿದ್ಧವಾಗತೊಡಗಿದುವು. 1997ರ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಮ್ಮತಿಸಿದ ಭಾರತವು 2005ರ ವೇಳೆಗೆ ಗಣಕದ ಆಮದುಸುಂಕವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿ ತೆಗೆದುಹಾಕಲಾಗಿ, ಕಂಪನಿಯ ಯಂತ್ರವನ್ನು ಕೊಳ್ಳಲಾರದವರಿಗೆ ‘ಅಸೆಂಬಲ್ಡ್’ ಯಂತ್ರವೇ ಗತಿಯೂ ಹೆಮ್ಮೆಯೂ ಆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ದಾವಣಗೆರೆ ಹುಬ್ಬಳ್ಳಿಗಳಿಂದಲೋ ಮದರ್‌ಬೋರ್ಡು, ಪ್ರೊಸೆಸರುಗಳು ರಾತ್ರಿಯ ಬಸ್ಸಿನಲ್ಲಿ ಪ್ರಯಾಣಮಾಡಿದುವು.

ಆ ಯಂತ್ರಗಳ ಸದ್ದನ್ನು ಕೇಳಿದವರು ಮರೆಯಲಾರರು. ಆದರೆ ಆ ಸದ್ದು ಯಂತ್ರದ ಹುಟ್ಟುಗುಣವೇನಲ್ಲ. 1981ರ ಐಬಿಎಂ ಪಿಸಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಪೆಟ್ಟಿಗೆಯ ಸಾಮರ್ಥ್ಯವೆಲ್ಲ ಸೇರಿ 63.5 ವಾಟ್, ಅದರ 8088 ಪ್ರೊಸೆಸರಿಗೆ ತನ್ನದೆಂಬ ಫ್ಯಾನೇ ಇರಲಿಲ್ಲ. 1993ರ ಪೆಂಟಿಯಂ ಕಾಲದಿಂದ ಪ್ರೊಸೆಸರಿನ ನೆತ್ತಿಯ ಮೇಲೆ ಫ್ಯಾನು ಕೂರುವುದು ರೂಢಿಯಾಗಿ, ವೇಗದ ಪೈಪೋಟಿ ಬೆಳೆದಂತೆ ಶಾಖವೂ ಬೆಳೆದು, 2004ರ ಪೆಂಟಿಯಂ 4ರ ಪೀಳಿಗೆಯಲ್ಲಿ ಒಂದೇ ಚಿಪ್ಪು 115 ವಾಟ್ ಶಾಖವನ್ನು ಉಗುಳುವ ಮಟ್ಟಕ್ಕೆ ಬಂದಿತು. ಆ ಶಾಖವನ್ನು ಅಟ್ಟುವ ಫ್ಯಾನಿನ ಸದ್ದಿಗೆ ಅಗ್ಗದ ಕ್ಯಾಬಿನೆಟ್ಟಿನೊಳಗೆ ಬಿಟ್ಟಿಯಾಗಿ ಬರುತ್ತಿದ್ದ ಎಸ್‌ಎಂಪಿಎಸ್ಸಿನ, ಎಂದರೆ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯ, 80 ಮಿಲಿಮೀಟರಿನ ಫ್ಯಾನೂ, ಗುಂಡುಬೇರಿಂಗಿನ ಮೇಲೆ ತಿರುಗುವ ಹಾರ್ಡ್‌ಡಿಸ್ಕಿನ ಕೀರಲುಧ್ವನಿಯೂ ಕೂಡಿಕೊಳ್ಳುತ್ತಿದ್ದುವು. 2001ರ ಸೀಗೇಟ್ ಬಾರಾಕುಡಾದಂಥ ಡಿಸ್ಕುಗಳು ದ್ರವಬೇರಿಂಗನ್ನು ತಂದು ಆ ಕೀರಲನ್ನು ಅಡಗಿಸಿದುವು. 2006ರ ಕೋರ್ 2 ಡ್ಯುಯೊ 65 ವಾಟ್‌ಗೆ ಇಳಿದು ಶಾಖದ ಓಟಕ್ಕೆ ಕಡಿವಾಣ ಹಾಕಿತು.

ಇಷ್ಟಾದರೂ ಬೆಂಗಳೂರಿನಲ್ಲಿ ನಿಶ್ಶಬ್ದವೆನಿಸಿದ ಯಂತ್ರವು ಕೊಟ್ಟೂರಿಗೆ ಬಂದೊಡನೆ ಏದುಸಿರು ಬಿಡುವುದುಂಟು. ಅದಕ್ಕೆ ಕಾರಣವು ಸರಳವಾದ ಭೌತಶಾಸ್ತ್ರ. ಪ್ರೊಸೆಸರಿನ ಶಾಖವನ್ನು ಹೀರುವ ಲೋಹದ ರೆಕ್ಕೆಗಳು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿಯಾಗಿವೆಯೋ ಅದಕ್ಕೆ ತಕ್ಕಷ್ಟು ಶಾಖವನ್ನು ಮಾತ್ರ ಬಿಟ್ಟುಕೊಡಬಲ್ಲವು. 25 ಡಿಗ್ರಿಯ ಕೋಣೆಯಲ್ಲಿ 70ಕ್ಕೆ ನಿಲ್ಲುವ ಪ್ರೊಸೆಸರು, 40 ಡಿಗ್ರಿಯ ಕೋಣೆಯಲ್ಲಿ ಅಷ್ಟೇ ಕೆಲಸಕ್ಕೆ 85ಕ್ಕೆ ಏರುತ್ತದೆ. ಏರಿದೊಡನೆ ಮದರ್‌ಬೋರ್ಡು ಫ್ಯಾನಿಗೆ ಚಾಟಿ ಬೀಸುತ್ತದೆ. ಧೂಳು ಆ ರೆಕ್ಕೆಗಳ ಸಂದನ್ನು ಮುಚ್ಚಿದರೂ ಫಲ ಇದೇ. ಕೂಡ್ಲಿಗಿಯ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವವರೆಗೆ, ಅದಿರಿನ ಲಾರಿಗಳು ಎಬ್ಬಿಸುತ್ತಿದ್ದ ಧೂಳಿನ ಮಾತನ್ನು ಹೇಳುವುದೇ ಬೇಡ. ಹಳೆಯ ಮಾಳಿಗೆಮನೆಗಳ ಸ್ಥಿತಿ ಇನ್ನೊಂದು ಬಗೆ: ಮಣ್ಣಿನ ದಪ್ಪಗೋಡೆಯೂ ಮಣ್ಣಿನ ಮೇಲ್ಚಾವಣಿಯೂ ಯಂತ್ರಕ್ಕೆ ಒಪ್ಪುವ ತಂಪನ್ನು ಕೊಡುತ್ತವೆ, ಅದೇ ಚಾವಣಿ ನುಣ್ಣನೆಯ ಮಣ್ಣನ್ನು ಉದುರಿಸುತ್ತಲೂ ಇರುತ್ತದೆ. ಕಾಂಕ್ರೀಟಿನ ಮನೆ ಧೂಳಿಗೆ ಲೇಸು. ಆದರೆ ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯಲ್ಲಿ ಕಕ್ಕುತ್ತದೆ.

ಆದಕಾರಣ ಇಲ್ಲಿ ಆಯ್ಕೆಯು ಫ್ಯಾನಿನಿಂದಲ್ಲ, ಶಾಖದ ಮೂಲದಿಂದಲೇ ಆರಂಭವಾಗಬೇಕು. ಬರವಣಿಗೆ, ಲೆಕ್ಕಪತ್ರ, ಡಿಟಿಪಿಗಳಷ್ಟೇ ಕೆಲಸವಾಗಿರುವವರಿಗೆ 65 ವಾಟ್‌ನ ಪ್ರೊಸೆಸರೇ ಧಾರಾಳ. ಅದರೊಳಗೇ ಚಿತ್ರಭಾಗವಿರುವುದನ್ನು ಆರಿಸಿದರೆ ಗ್ರಾಫಿಕ್ಸ್ ಕಾರ್ಡಿನ ಖರ್ಚೂ ಗದ್ದಲವೂ ಒಟ್ಟಿಗೆ ತಪ್ಪುತ್ತವೆ. ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲವಾಗಿ ಆ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. 120 ಮಿಲಿಮೀಟರಿನ ಫ್ಯಾನಿನ ವಿಸ್ತಾರವು 80ರದಕ್ಕಿಂತ ಎರಡೂಕಾಲು ಪಟ್ಟು. ಅಷ್ಟೇ ಗಾಳಿಯನ್ನು ಅದು ಬಹು ನಿಧಾನವಾಗಿ ತಿರುಗಿ ಸಾಗಿಸುತ್ತದೆ, ಮತ್ತು ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಗಾಜಿನ ಮುಖವೂ ಬಣ್ಣದ ದೀಪಗಳೂ ಉಳ್ಳ ಕ್ಯಾಬಿನೆಟ್ಟು ಮದುವೆಮಂಟಪಕ್ಕೆ ಭೂಷಣವಾದೀತೇ ಹೊರತು ಹಡಗಲಿಯ ಏಪ್ರಿಲ್ಲಿಗಲ್ಲ. ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ಜಾಲರಿಯಿದ್ದು, ಹೊರಹೋಗುವುದಕ್ಕಿಂತ ಒಳಬರುವ ಗಾಳಿಯೇ ತುಸು ಹೆಚ್ಚಾಗಿರುವಂತೆ ಫ್ಯಾನುಗಳನ್ನು ಕೂರಿಸಿದರೆ, ಸಂದುಗಳಿಂದ ಧೂಳು ನುಸುಳುವುದು ಕಡಿಮೆಯಾಗುತ್ತದೆ.

ಜನ ಹಣವನ್ನು ಉಳಿಸುವುದು ಎಸ್‌ಎಂಪಿಎಸ್ಸಿನಲ್ಲಿ, ಕೆಡುವುದೂ ಅಲ್ಲಿಯೇ. 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯುಳ್ಳ ಪೆಟ್ಟಿಗೆಯು ವಿದ್ಯುತ್ತನ್ನು ಶಾಖವಾಗಿ ಪೋಲುಮಾಡುವುದು ಕಡಿಮೆ. ಹೊರೆ ಹಗುರವಾಗಿದ್ದಾಗ ತನ್ನ ಫ್ಯಾನನ್ನೇ ನಿಲ್ಲಿಸಿಬಿಡುವ ಪೆಟ್ಟಿಗೆಗಳೂ ಉಂಟು. ಕರೆಂಟು ಹೋದಾಗ ಅಗ್ಗದ ಯುಪಿಎಸ್ಸು ಬ್ಯಾಟರಿಯಿಂದ ಕೊಡುವ ಒರಟು ಅಲೆಯ ವಿದ್ಯುತ್ತಿಗೆ ಇಂಥ ಕೆಲವು ಪೆಟ್ಟಿಗೆಗಳು ಗುಂಯ್ಗುಡುತ್ತವೆ, ಕೆಲವು ಆರಿಯೇಹೋಗುತ್ತವೆ. ಆದ್ದರಿಂದ ಸೈನ್ ಅಲೆಯ ಯುಪಿಎಸ್ಸಿಗೆ ಮೊದಲೇ ಹಣ ತೆಗೆದಿಡುವುದು ಮೇಲು.

ಕಡೆಯದಾಗಿ ಈ ಸೀಮೆಯ ಓದುಗರಲ್ಲಿ ಒಂದು ಬಿನ್ನಹ: ಪ್ರತಿವರ್ಷವೂ ಯುಗಾದಿಗೆ ಮುಂಚೆ, ಮನೆಯನ್ನು ಸಾರಿಸಿ ಸುಣ್ಣ ಬಳಿಯುವ ದಿನಗಳಲ್ಲಿ, ಪ್ಲಗ್ಗನ್ನು ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ತಂದು, ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು ಬ್ಲೋವರಿನಿಂದ ಧೂಳನ್ನು ಹಾರಿಸಿರಿ, ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚದಿರಿ.