ಸೂಜಿ, ಗುಳಗಿ ಮತ್ತು ನಮ್ಮ ಕೇರಿ

"ಈ ಜನ ಔಷಧ ತಗೊಳ್ಳೋದಿಲ್ಲ. ತಗೊಂಡ್ರೂ ಅರ್ಧಕ್ಕೇ ಬಿಡ್ತಾರೆ. ಅಜ್ಞಾನಿಗಳು." ನಮ್ಮ ಕೇರಿಗಳ ಬಗ್ಗೆ ಈ ಮಾತು ಇಂದು ನಿನ್ನೆಯದಲ್ಲ. ಮೊದಲು ಬಿಳಿಯ ಸಾಹೇಬ ಆಡಿದ. ಆಮೇಲೆ ಕರಿಯ ಸಾಹೇಬ ಆಡಿದ. ಈಗ ನಮ್ಮೊಳಗೇ ನಾಲ್ಕಕ್ಷರ ಕಲಿತವರೂ ಆಡತೊಡಗಿದ್ದಾರೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕೇರಿ, ತಾಂಡಾ, ಓಣಿಗಳಲ್ಲಿ ಸೂಜಿಗೂ ಗುಳಗಿಗೂ ಹೆದರುವವರು ಇದ್ದಾರೆ. ಸುಳ್ಳಲ್ಲ. ಆದರೆ ಆ ಹೆದರಿಕೆಗೆ ಒಂದು ಚರಿತ್ರೆ ಇದೆ. ನಮ್ಮ ಶಾಲೆಯ ಪುಸ್ತಕ ಅದನ್ನು ಹೇಳಲಿಲ್ಲ. ಹಾಗಾಗಿ ನಾವೇ ಹೇಳಿಕೊಳ್ಳಬೇಕು.

ಪ್ಲೇಗಿನಿಂದ ಶುರು ಮಾಡೋಣ. 1896ರಲ್ಲಿ ಮುಂಬೈಗೆ ಬಂದ ಬೇನೆ ರೈಲು ಹಳಿ ಹಿಡಿದು ನಮ್ಮ ಕಡೆಗೂ ಬಂತು. ಆಗ ಹಾನಗಲ್ಲು, ಶಿಗ್ಗಾಂವಿಯಲ್ಲಿ ಕಚೇರಿ ಇದ್ದ ಬಂಕಾಪುರ ತಾಲೂಕು, ಹಿರೇಕೆರೂರನ್ನು ಒಳಗೊಂಡ ಕೋಡ ತಾಲೂಕು ಎಲ್ಲವೂ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನ. ಹಾವೇರಿ ಜಿಲ್ಲೆ ಆದದ್ದು ಬಹಳ ಆಮೇಲೆ, 1997ರಲ್ಲಿ.

ಬೇನೆಯ ಹಿಂದೆಯೇ ಕಾನೂನು ಬಂತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸರ್ಕಾರಕ್ಕೆ ಯಾವ ಮನೆಯನ್ನಾದರೂ ಹೊಗುವ, ಯಾರನ್ನಾದರೂ ಹೊರಗೆ ಹಾಕುವ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕರು. ಅದರ ಸಿಟ್ಟಿಗೆ ಆ ವರ್ಷದ ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ಈ ಕಥೆ ನಮಗೆಲ್ಲ ಗೊತ್ತು, ಶಾಲೆಯಲ್ಲಿ ಹೇಳಿದ್ದಾರೆ. ಅದೇ ವರ್ಷ, ಅದೇ ಪುಣೆಯ ಹೊರಗೆ ನಡೆದ ಇನ್ನೊಂದು ಸಂಗತಿಯನ್ನು ಎಷ್ಟು ಶಾಲೆಗಳು ಹೇಳಿವೆ? ಸಾವಿತ್ರಿಬಾಯಿ ಫುಲೆ ಪ್ಲೇಗು ಹತ್ತಿದ ಮಹಾರ ಹುಡುಗನೊಬ್ಬನನ್ನು ತನ್ನ ಬೆನ್ನ ಮೇಲೆ ಹೊತ್ತು, ಮಗ ಯಶವಂತ ನಡೆಸುತ್ತಿದ್ದ ದವಾಖಾನೆಗೆ ತಂದಳು. ಹುಡುಗ ಬದುಕಿದ. ಬೇನೆ ಆ ತಾಯಿಗೆ ಹತ್ತಿ 1897ರ ಮಾರ್ಚ್ 10ರಂದು ಆಕೆ ತೀರಿಕೊಂಡಳು. ಮುಂಬೈಯಲ್ಲಿ ಜಾತಿಗೊಂದು ಪ್ಲೇಗು ಆಸ್ಪತ್ರೆ ಎದ್ದ ಕಾಲ ಅದು. ಸಾಯುವಾಗಲೂ ಜಾತಿ ಕೆಡಬಾರದು ಎಂದು ಚಂದಾ ಎತ್ತಿದ ಕಾಲ. ಮುಟ್ಟಬಾರದವನನ್ನು ಹೊತ್ತವಳು ಒಬ್ಬಳು. ಯಾರ ಮಾತು ನಂಬಬೇಕು ಎಂಬ ನಮ್ಮ ಪ್ರಶ್ನೆಗೆ ಮೊದಲನೆಯ ಅಳತೆಗೋಲು ಇಲ್ಲೇ ಸಿಗುತ್ತದೆ: ಹೇಳುವವರು ನಮ್ಮನ್ನು ಮುಟ್ಟುತ್ತಾರೋ ಇಲ್ಲವೋ?

ಈಗ ಸೂಜಿಯ ವಿಚಾರ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಜ್ವರ ಬಂತು, ಚುಚ್ಚಿದ ಜಾಗ ನೋಯಿತು. ಅದನ್ನು ಮುಚ್ಚಿಡಲಿಲ್ಲ. ಆಮೇಲೆ ಬೈಕಲಾ ಜೈಲಿನ ಕೈದಿಗಳಿಗೆ, ಆಮೇಲೆ ಊರೂರಿಗೆ. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ನಡೆದದ್ದು ಜಗತ್ತಿನ ವೈದ್ಯರ ಬಾಯಲ್ಲಿ ಬಂದ ಸಂಗತಿ. ಸುಮಾರು ಐವತ್ತು ಸಾವಿರ ಜನರ ಊರಿನಲ್ಲಿ ಲ್ಯೂಮನ್ ಎಂಬ ಡಾಕ್ಟರ ಉಸ್ತುವಾರಿಯಲ್ಲಿ ಕೆಲವೇ ತಿಂಗಳೊಳಗೆ ಸುಮಾರು 38 ಸಾವಿರ ಜನ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಎಂದು ಲೆಕ್ಕ ಹೇಳಿತು.

ಹಾಗಾದರೆ ನಮ್ಮವರು ಸೂಜಿ ಕಂಡರೆ ಓಡಿದರು ಎಂಬ ಮಾತು ಪೂರಾ ನಿಜವಲ್ಲ. ಸಾವಿರಗಟ್ಟಲೆ ಜನ ತೋಳು ಕೊಟ್ಟರು. ಯಾಕೆ ಕೊಟ್ಟರು? ಕಣ್ಣೆದುರು ಹೆಣ ಬೀಳುತ್ತಿದ್ದವು, ಅದೊಂದು. ಸೂಜಿಯ ಚೀಟಿ ಇದ್ದವರಿಗೆ ಊರ ಹೊರಗೆ ದೂಡುವ ಕಟ್ಟಳೆಯಲ್ಲಿ ರಿಯಾಯಿತಿ ಇತ್ತು, ಅದು ಇನ್ನೊಂದು. ಇದರಲ್ಲಿ ನಂಬಿಕೆ ಎಷ್ಟು, ನಿರ್ವಾಹವಿಲ್ಲದ್ದು ಎಷ್ಟು ಎಂದು ಬೇರೆ ಮಾಡಿ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ಆ ಸೂಜಿ ಸುಮ್ಮನೆ ಬಿಡುತ್ತಿರಲಿಲ್ಲ. ಮೈ ಕಾದು ಕೆಂಡ. ತೋಳು ಊದಿ ಎತ್ತಲಾಗದಷ್ಟು ಭಾರ. ಎರಡು ಮೂರು ದಿನ ಅಷ್ಟೆ, ಹೋಗುತ್ತದೆ, ಎಂದರು ಡಾಕ್ಟರು. ನಿಜ, ಹೋಗುತ್ತಿತ್ತು. ಆದರೆ ಕೂಲಿಯವನಿಗೆ ಮೂರು ದಿನ ಅಂದರೆ ಏನು? ಸಾಹುಕಾರನಿಗೆ ಅದು ಮಲಗುವ ಮೂರು ದಿನ, ನಮಗೆ ಒಲೆ ಹೊತ್ತದ ಮೂರು ದಿನ. ದನ, ಹಂದಿಯ ಮಾತು ಬಂದರೆ ಹಿಂದೂಗಳೂ ಮುಸಲ್ಮಾನರೂ ಒಪ್ಪುವುದಿಲ್ಲವೆಂದು ಹಾಫ್‌ಕಿನ್ ಲಸಿಕೆಯ ಸಾರಕ್ಕೆ ಆಡಿನ ಮಾಂಸ ಬಳಸಿದ್ದ. ಧರ್ಮದ ಪ್ರಶ್ನೆ ಸೀಸೆಯೊಳಗೇ ಕರಗಿತು. ಕೂಲಿಯ ಪ್ರಶ್ನೆ ಸೀಸೆಯೊಳಗೆ ಕರಗುವಂಥದ್ದಲ್ಲ. ಅಡ್ಡಪರಿಣಾಮ ಎಂಬುದು ಮೈಗೆ ಮಾತ್ರ ಆಗುವುದಿಲ್ಲ ಗೆಳೆಯರೇ, ಹಿಟ್ಟಿನ ಡಬ್ಬಿಗೂ ಆಗುತ್ತದೆ!

ನಾಲ್ಕು ವರ್ಷ ಕಳೆದು ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಅನಾಹುತವಾಯಿತು. 1902ರ ಅಕ್ಟೋಬರ್ 30ರಂದು ಅಲ್ಲಿ 107 ಜನಕ್ಕೆ ಸೂಜಿ ಹಾಕಿದರು. ಒಂದೇ ಸೀಸೆಯ ಮದ್ದು ತೆಗೆದುಕೊಂಡ 19 ಜನ ಧನುರ್ವಾಯು ಹತ್ತಿ ಸತ್ತರು. ಹಾಫ್‌ಕಿನ್‌ನನ್ನು ಕೆಲಸದಿಂದ ಬಿಡಿಸಿದರು. ತಪ್ಪು ತಯಾರಿಸಿದವನದೋ, ಸೀಸೆ ತೆರೆದ ಕೈಯದೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ದೊಡ್ಡ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಗೆ ಬರೆದು ಆತನ ಪರ ನಿಂತರು. ಆತ ನಿರ್ದೋಷಿ ಎಂದಾಯಿತು. ಒಳ್ಳೆಯದು. ವಿಜ್ಞಾನಿಗೆ ನ್ಯಾಯ ಸಿಗಲು ಐದು ವರ್ಷ ಹಿಡಿಯಿತು, ವಿಜ್ಞಾನಿಗಳು ಬೇಕಾದರು. ಹಳ್ಳಿಯವನು ಪತ್ರಿಕೆಗೆ ಬರೆಯುವುದಿಲ್ಲ. ಅವನು ಮುಂದಿನ ಸಲ ಸೂಜಿಯವರು ಬಂದಾಗ ಹೊಲದ ಕಡೆ ಹೋಗಿಬಿಡುತ್ತಾನೆ. ಅದೇ ಅವನ ಪತ್ರ.

ಇನ್ನೊಂದು ಮಾತು. ಪ್ಲೇಗು ಬಂದಾಗ ಗಟಾರ, ಕಕ್ಕಸು ಬಳಿದವರು ಯಾರು? 1896ರಲ್ಲಿ ಮುಂಬೈಯ ಜಾಡಮಾಲಿಗಳು ಊರು ಬಿಟ್ಟರೆ ನಮ್ಮ ಗತಿ ಏನು ಎಂದು ನಗರಸಭೆ ನಡುಗಿತ್ತು. ಆ ಮೈಗಳ ಆರೋಗ್ಯದ ಚಿಂತೆಗಿಂತ ಅವರ ಕೆಲಸ ನಿಂತೀತೆಂಬ ಚಿಂತೆ ದೊಡ್ಡದಾಗಿತ್ತು. 2010ರ ಜುಲೈಯಲ್ಲಿ ನಮ್ಮ ಸವಣೂರಿನಲ್ಲಿ, ಇರುವ ಗುಡಿಸಲಿನಿಂದ ಎಬ್ಬಿಸಹೊರಟಾಗ, ಭಂಗಿ ಬಂಧುಗಳು ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ನಡುವೆ ನೂರು ವರ್ಷ ಕಳೆದಿದ್ದವು. ಇಂಥ ಊರಿನ ಕಚೇರಿ "ನಿಮ್ಮ ಒಳ್ಳೆಯದಕ್ಕೇ ಹೇಳ್ತೀವಿ" ಅಂದರೆ, ಕೇಳುವವರ ಕಿವಿಗೆ ಅದು ಹೇಗೆ ಕೇಳಿಸೀತು?

ಚಳಿಜ್ವರದ ಕಥೆ ಚಿಕ್ಕದಾಗಿ ಹೇಳುತ್ತೇವೆ. ಹಾನಗಲ್ಲು, ಹಿರೇಕೆರೂರು ಮಲೆನಾಡಿನ ಸೆರಗು. ಕೆರೆ, ಭತ್ತದ ಗದ್ದೆ, ಸೊಳ್ಳೆ. ಕ್ವಿನೈನು ನುಂಗಿದರೆ ಬಾಯಿ ಕಹಿ, ಕಿವಿಯೊಳಗೆ ಗುಂಯ್ ಗುಂಯ್. 1946ರಲ್ಲಿ ಧಾರವಾಡ ಮತ್ತು ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲೇ ಡಾ. ವಿಶ್ವನಾಥನ್ ಮುಂದಾಳತ್ವದಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆದು ನೋಡಿದರು. ಜ್ವರ ಇಳಿಯಿತು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ಕಾರ್ಯಕ್ರಮ ಬಂತು. 1976ರ ಹೊತ್ತಿಗೆ ಮಲೇರಿಯಾ ತಿರುಗಿ ಎದ್ದು ದೇಶದಲ್ಲಿ 64 ಲಕ್ಷ ಜನಕ್ಕೆ ಹತ್ತಿತು. ಆ ತುರ್ತುಸ್ಥಿತಿಯ ಕಾಲದಲ್ಲೇ, 1976-77ರ ಒಂದು ವರ್ಷದಲ್ಲಿ, 82 ಲಕ್ಷ ಜನಕ್ಕೆ ಸಂತಾನಹರಣ ಚಿಕಿತ್ಸೆ ಆಯಿತು. ಮೇಲಿನವರು ಗುರಿ ಹಾಕಿದರು, ಕೆಳಗಿನವರು ತಲೆ ಎಣಿಸಿದರು. ಜ್ವರದ ಗುಳಗಿ ಕೊಡುವವನೂ, ಆಪರೇಷನ್ನಿಗೆ ಜನ ಕೂಡಿಸುವವನೂ ಒಂದೇ ಸರ್ಕಾರದ ಮನುಷ್ಯ. ಆಮೇಲೆ ಗುಳಗಿಯನ್ನೂ ಜನ ಅನುಮಾನದಿಂದ ನೋಡಿದರೆ ಅದು ಯಾರ ಅಜ್ಞಾನ?

ಈಗ ಕ್ಷಯದ ಮಾತು. ಇದು ನಮ್ಮ ಮನೆಯೊಳಗಿನ ಮಾತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತಿರುಗಿ 1963ರಲ್ಲಿ ಒಂದು ವರದಿ ಕೊಟ್ಟರು. ಹಳ್ಳಿಯ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ದವಾಖಾನೆಗೆ ಹೋಗಿದ್ದರು! ಅಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಜನ ಬರುವುದಿಲ್ಲ ಎಂದವರ ಮುಖಕ್ಕೆ ಹೊಡೆದ ಹಾಗಿತ್ತು ಆ ವರದಿ. ಜನ ಬಂದಿದ್ದರು, ನೀವು ನೋಡಲಿಲ್ಲ.

1962ರಲ್ಲಿ ದೇಶದ ಕ್ಷಯ ಕಾರ್ಯಕ್ರಮ ಬಂತು. ಒಂದು ವರ್ಷ, ಒಂದೂವರೆ ವರ್ಷ ಗುಳಗಿ. ಕೆಲವರಿಗೆ ಸ್ಟ್ರೆಪ್ಟೊಮೈಸಿನ್ ಸೂಜಿ. ಅದು ಕೆಲವರ ಕಿವಿ ಕೆಡಿಸಿತು, ತಲೆ ತಿರುಗಿಸಿತು. ಥಯಾಸಿಟಜೋನ್ ಎಂಬ ಅಗ್ಗದ ಗುಳಗಿ ಕೆಲವರ ಚರ್ಮ ಸುಲಿಸಿತು. ನಡುವೆ ಬಿಟ್ಟವರ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ 'ಡಿಫಾಲ್ಟರ್' ಎಂದು ಬರೆದರು. ಸೊಸೈಟಿ ಸಾಲ ಕಟ್ಟದವನಿಗೂ, ಹೊಟ್ಟೆ ತೊಳೆಸಿ ಗುಳಗಿ ಬಿಟ್ಟವನಿಗೂ ಒಂದೇ ಹೆಸರು! ವಿಶ್ವ ಆರೋಗ್ಯ ಸಂಸ್ಥೆ ಆ ಪದ ಕೈಬಿಡಲು 2013 ಬರಬೇಕಾಯಿತು.

ಯಾಕೆ ಬಿಟ್ಟೆ ಎಂದು ಕೇಳಿದರೆ ಕೇರಿಯ ಉತ್ತರ ಹೀಗಿರುತ್ತದೆ: "ನೀರು ಕೆಂಪಗ ಬಂದ್ವು ರೀ. ರಕ್ತ ಹೊಂಟೈತಿ ಅಂತ ಹೆದರಿ ಬಿಟ್ಟೆ." ರಿಫಾಂಪಿಸಿನ್ ಎಂಬ ಗುಳಗಿ ತಗೊಂಡವರ ಮೂತ್ರ ಕಿತ್ತಳೆ ಕೆಂಪಗಾಗುತ್ತದೆ. ಅದು ಗುಳಗಿಯ ಬಣ್ಣ, ರಕ್ತ ಅಲ್ಲ. ಅಪಾಯವಿಲ್ಲ. ಈ ಒಂದು ಮಾತು ಮೊದಲ ದಿನವೇ ಹೇಳಲು ಅರ್ಧ ನಿಮಿಷ ಸಾಕು. ಹೇಳದೆ ಇದ್ದರೆ ಒಂದು ಜೀವ ಹೋಗಬಹುದು.

ಹಾಗಂತ ಕೆಂಪಾದರೆ ಚಿಂತೆ ಇಲ್ಲ ಎಂದು ಎಲ್ಲದಕ್ಕೂ ಹೇಳಿಬಿಡುವಂತಿಲ್ಲ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ತಗೊಂಡವರ ಮೂತ್ರ ಚಹಾದಂತೆ ಕಪ್ಪಾದರೆ ಅದು ಅಪಾಯದ ಗಂಟೆ. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ ಇರುತ್ತದೆ. ಅಂಥವರ ರಕ್ತಕಣಗಳನ್ನು ಆ ಗುಳಗಿ ಒಡೆಯುತ್ತದೆ. ಕೂಡಲೇ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು. ಕ್ಷಯದ ಗುಳಗಿಯಲ್ಲೂ ಅಷ್ಟೆ. ಕಣ್ಣು ಹಳದಿಯಾಗಿ, ವಾಂತಿ ನಿಲ್ಲದೆ, ಅನ್ನ ಸೇರದೆ ಹೋದರೆ ಪಿತ್ತಕೋಶಕ್ಕೆ ಪೆಟ್ಟು ಬಿದ್ದಿರಬಹುದು. ಅವತ್ತೇ ದವಾಖಾನೆ ಮುಟ್ಟಬೇಕು. ಇಥಾಂಬ್ಯುಟಾಲ್ ತಗೊಳ್ಳುವಾಗ ಬಣ್ಣ ಗುರುತು ಸಿಗದೆ ಕಣ್ಣು ಮಂಜಾದರೂ ಹಾಗೆಯೇ. ಕೈಕಾಲು ಜುಮುಗುಟ್ಟಿದರೆ ಐಸೊನಿಯಾಜಿಡ್‌ನ ಕಾಟ, ಅದಕ್ಕೆ ಬಿ6 ಜೀವಸತ್ವದ ಗುಳಗಿ ಇದೆ. ಒಂದೇ ಥರದ ಕುರುಹು ಒಂದು ಕಡೆ ನಿರಪಾಯ, ಇನ್ನೊಂದು ಕಡೆ ಸಾವು. ಆದ್ದರಿಂದಲೇ ಯಾರ ಮಾತು ಕೇಳಬೇಕು ಎಂಬುದು ನಮ್ಮ ಜೀವದ ಪ್ರಶ್ನೆ.

ಕೇರಿಯಲ್ಲಿ ಮಾತು ಹೇಳುವವರಿಗೆ ಬರವಿಲ್ಲ. ಓಣಿಯ ಹಿರಿಯರಿದ್ದಾರೆ. "ಖಾಲಿ ಹೊಟ್ಟೀಲೆ ಗುಳಗಿ ನುಂಗಿದ್ರ ಕರುಳು ಸುಡತೈತಿ" ಅನ್ನುತ್ತಾರೆ. ಅದನ್ನು ಮೂಢನಂಬಿಕೆ ಅನ್ನಬೇಡಿ, ಅದು ಹಸಿವಿನ ಶಾಸ್ತ್ರ. ಸರ್ಕಾರಕ್ಕೆ ಆ ಶಾಸ್ತ್ರ ತಿಳಿದು ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಆಹಾರಕ್ಕೆಂದು ಕೊಡಲು 2018 ಬಂತು. 2024ರ ನವೆಂಬರಿನಿಂದ ಅದು ಸಾವಿರವಾಗಿದೆ. ಇನ್ನು ಬೈಕಿನ ಮೇಲೆ ಬರುವ ಸೂಜಿ ಡಾಕ್ಟರು. ಸಾಲಕ್ಕೂ ಸೂಜಿ ಹಾಕುತ್ತಾನೆ, ನಗುತ್ತಾ ಮಾತಾಡುತ್ತಾನೆ, ಆದರೆ ಸೀಸೆಯ ಹೆಸರು ಹೇಳುವುದಿಲ್ಲ. ದೊಡ್ಡ ಡಾಕ್ಟರು ಓದಿದ್ದಾರೆ, ಆದರೆ ತಲೆ ಎತ್ತಿ ಮುಖ ನೋಡಲು ಅನೇಕರಿಗೆ ಪುರುಸೊತ್ತಿಲ್ಲ. ಆಶಾ ಕಾರ್ಯಕರ್ತೆ ನಮ್ಮಕ್ಕನೋ ಅತ್ತಿಗೆಯೋ ಆಗಿರುತ್ತಾಳೆ, ಬಾಗಿಲಿಗೆ ಬರುತ್ತಾಳೆ. ಕೊನೆಗೆ ಕೈಯಲ್ಲಿರುವ ಮೊಬೈಲು. ಅದು ಎಲ್ಲ ಹೇಳುತ್ತದೆ, ಯಾವುದಕ್ಕೂ ಜವಾಬು ಕೊಡುವುದಿಲ್ಲ.

ಇವರಲ್ಲಿ ಒಬ್ಬರನ್ನು ಕಣ್ಣು ಮುಚ್ಚಿ ನಂಬಿ ಎಂದು ನಾವು ಹೇಳುವುದಿಲ್ಲ. ಚರಿತ್ರೆ ಕಲಿಸಿದ ಅಳತೆಗೋಲು ಹಿಡಿಯಿರಿ. ಕೊಡುವ ಮದ್ದಿನ ಹೆಸರು ಹೇಳುತ್ತಾರೋ? ಅದು ಮೈಗೆ ಏನು ಮಾಡೀತೆಂದು ಮುಂಚೆಯೇ ತಿಳಿಸುತ್ತಾರೋ? ಯಾವುದಕ್ಕೆ ತಡೆದುಕೊಳ್ಳಬೇಕು, ಯಾವುದಕ್ಕೆ ಓಡಿ ಬರಬೇಕು ಎಂದು ಬಿಡಿಸಿ ಹೇಳುತ್ತಾರೋ? ಬಿಟ್ಟು ವಾಪಸು ಹೋದಾಗ ಬೈಯುತ್ತಾರೋ, ಕೂರಿಸುತ್ತಾರೋ? ಹೇಳಿದ್ದು ತಪ್ಪಾದರೆ ನಾಳೆ ಅದೇ ಜಾಗದಲ್ಲಿ ಸಿಗುತ್ತಾರೋ? ಇದಕ್ಕೆಲ್ಲ ಹೌದು ಅನ್ನುವವರು ಯಾವ ಜಾತಿಯವರಾದರೂ, ಯಾವ ಪದವಿಯವರಾದರೂ ನಮ್ಮವರು.

ಹಳ್ಳಿಯ ಮಾಸ್ತರರೇ, ಹಾಸ್ಟೆಲಿನ ಗೆಳೆಯರೇ, ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಂಡವರು ನಾವು. ಗುಳಗಿಯ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವ್ವನ ಮಾತಿಗೆ ತರುವುದು ನಮ್ಮ ಪಾಲಿನ ಕೆಲಸ. ಅಡ್ಡಪರಿಣಾಮವಾದರೆ ರೋಗಿಯೇ ಬರೆದು ತಿಳಿಸುವ ಏರ್ಪಾಡು 2010ರಲ್ಲಿ ಶುರುವಾದ ಔಷಧ ನಿಗಾ ಕಾರ್ಯಕ್ರಮದಲ್ಲಿದೆ. ಆ ಅರ್ಜಿಯನ್ನು ತುಂಬಿಕೊಡಿ. ಕೆಮ್ಮುವವನ ಜೊತೆ ದವಾಖಾನೆಗೆ ಹೋಗಿ, ಅವನ ಪಕ್ಕದಲ್ಲಿ ನಿಂತು ಕೇಳಿ. ಒಬ್ಬನೇ ಕೇಳಿದರೆ ಅದು ಉದ್ಧಟತನ ಅನ್ನಿಸಿಕೊಳ್ಳುತ್ತದೆ. ಕೇರಿಯೇ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.