ಊರ ಹೆಸರಿಲ್ಲದ ಬಿಲ್ಲೆಗಳು

ಇಸ್ಪೀಟು ಅಡ್ಡೆ ಮೇಲೆ ದಾಳಿಯಾದಾಗ ನಾವು ಕಳಿಸುವ ಸುದ್ದಿಯಲ್ಲಿ ಒಂದು ಸಾಲು ಖಾಯಂ: ಇಷ್ಟು ಮಂದಿ ಬಂಧನ, ಇಷ್ಟು ನಗದು ವಶ. ನಮ್ಮ ಕಡೆ ಅಂದರ್–ಬಾಹರ್‌ನಲ್ಲಿ ನೋಟೇ ಓಡಾಡುತ್ತದೆ. ಅಮೆರಿಕದ ಜೂಜುಮನೆಗಳಲ್ಲಿ ನೋಟಿನ ಬದಲು ಚಿಪ್ ಇಡುತ್ತಾರೆ, ಅಂದರೆ ಬಣ್ಣದ ಬಿಲ್ಲೆ. ಆಟ ಮುಗಿದ ಮೇಲೆ ಕೌಂಟರಿಗೆ ಕೊಟ್ಟರೆ ಹಣ ಸಿಗುತ್ತದೆ.

ಹಳೆಯ ನಾಣ್ಯ ಕೂಡಿಡುವವರಂತೆ ಅಲ್ಲಿ ಈ ಬಿಲ್ಲೆ ಕೂಡಿಡುವವರೂ ಇದ್ದಾರೆ. 1988ರಲ್ಲಿ ಸಂಘವನ್ನೂ ಕಟ್ಟಿಕೊಂಡರು. ಬಿಲ್ಲೆ ಕೈಗೆ ಬಂದರೆ ಅವರು ಕೇಳುವುದು ಪೊಲೀಸರ ಪ್ರಶ್ನೆಯನ್ನೇ: ಇದು ಲೈಸೆನ್ಸ್ ಇದ್ದ ಮನೆಯದೋ, ಕಳ್ಳ ಅಡ್ಡೆಯದೋ?

ಉತ್ತರಕ್ಕೆ ಊರಿನ ಜೊತೆ ವರ್ಷವೂ ಬೇಕು. ನೆವಾಡಾ ರಾಜ್ಯ 1909ರಲ್ಲಿ ಜೂಜು ನಿಷೇಧದ ಕಾಯ್ದೆ ಮಾಡಿತು, 1931ರ ಮಾರ್ಚ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಹಾಗಾಗಿ ಅದೇ ಊರಿನ ರೂಲೆಟ್ ಬಿಲ್ಲೆ 1925ರದಾದರೆ ಅಕ್ರಮ, 1932ರದಾದರೆ ಸಕ್ರಮ. ಅಟ್ಲಾಂಟಿಕ್ ಸಿಟಿಯ ಮೊದಲ ಕಾನೂನುಬದ್ಧ ಕ್ಯಾಸಿನೊ ತೆರೆದದ್ದು 1978ರಲ್ಲಿ. ಕ್ಯಾಲಿಫೋರ್ನಿಯಾದ ಗಾರ್ಡೀನಾ ಊರಿನದು ಇನ್ನೂ ತಮಾಷೆ: ಒಂದು ಕಾಲಕ್ಕೆ ಪೋಕರ್‌ನಲ್ಲೇ ಒಂದು ಬಗೆಗೆ ಅನುಮತಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ನಗಬೇಡಿ, ನಮ್ಮಲ್ಲೂ ರಮ್ಮಿ ಚಾತುರ್ಯದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಅಂದರ್–ಬಾಹರ್‌ಗೆ ಆ ಭಾಗ್ಯವಿಲ್ಲ.

ಕಷ್ಟ ಇರುವುದು ಕಳ್ಳ ಅಡ್ಡೆಯ ಬಿಲ್ಲೆಗಳಲ್ಲಿ. ಲೈಸೆನ್ಸ್ ಇದ್ದವರು ಹೆಸರು, ಊರು ಎರಡನ್ನೂ ಅಚ್ಚು ಹಾಕಿಸುತ್ತಿದ್ದರು. ಇವರಲ್ಲಿ ಹೆಚ್ಚಿನವರು ಎರಡು ಅಕ್ಷರವನ್ನೋ ಒಂದು ಚಿತ್ರವನ್ನೋ ಮಾತ್ರ ಹಾಕಿಸಿದರು. ಸಿಕ್ಕಿಬಿದ್ದರೂ ಯಾರದೆಂದು ತಿಳಿಯಬಾರದಲ್ಲ! ಆದರೆ ಬಿಲ್ಲೆ ಮಾಡಿಕೊಟ್ಟವನು ಲೆಕ್ಕ ಇಡಲೇಬೇಕು. ಸಿನ್ಸಿನ್ನಾಟಿಯ ಯುನೈಟೆಡ್ ಸ್ಟೇಟ್ಸ್ ಪ್ಲೇಯಿಂಗ್ ಕಾರ್ಡ್ ಕಂಪನಿಯಂಥವರ ಹಳೆಯ ಆರ್ಡರ್ ದಾಖಲೆ ಉಳಿದಿವೆ. ಯಾವ ಅಕ್ಷರದ ಬಿಲ್ಲೆ ಯಾವ ವಿಳಾಸಕ್ಕೆ ಹೋಯಿತೆಂದು ಸಂಗ್ರಾಹಕರು ಅದರಲ್ಲಿ ಹುಡುಕುತ್ತಾರೆ. ಮಾಲು ದಲ್ಲಾಳಿಯ ಹೆಸರಿಗೆ ಹೋಗಿದ್ದರೆ ಜಾಡು ಅಲ್ಲಿಗೇ ನಿಲ್ಲುತ್ತದೆ.

ಆದರೂ 'ಅಕ್ರಮ' ಎಂಬ ಚೀಟಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ ಎನ್ನುವುದು ನಮ್ಮ ಅನಿಸಿಕೆ. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಬಾಲಿನೀಸ್ ರೂಮ್ ಎಂಬ ಜೂಜಿನ ಕ್ಲಬ್ ಸಮುದ್ರದೊಳಗೆ ಚಾಚಿದ ಕಟ್ಟೆಯ ತುದಿಯಲ್ಲಿತ್ತು. ಪೊಲೀಸರು ಆ ಉದ್ದ ದಾರಿ ನಡೆದು ಒಳಗೆ ಮುಟ್ಟುವಷ್ಟರಲ್ಲಿ ಜೂಜಿನ ಸಾಮಾನು ಮಾಯ. ದಾಳಿ ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, ಅದು ಖಾಸಗಿ ಕ್ಲಬ್, ನಾನು ಸದಸ್ಯನಲ್ಲ ಎಂದು ಅಲ್ಲಿನ ಶೆರಿಫ್ ಉತ್ತರಿಸಿದ್ದು ಪ್ರಸಿದ್ಧ. ಇಡೀ ಊರಿಗೆ ಗೊತ್ತಿದ್ದ ಆ ವ್ಯವಹಾರಕ್ಕೆ ಬೀಗ ಬಿದ್ದದ್ದು 1957ರಲ್ಲಿ. ಬಿಲ್ಲೆಗೆ 'ಅಕ್ರಮ' ಎಂದು ಬರೆದವರು ಶೆರಿಫರ ಪಾಲಿನ ಬಗ್ಗೆ ಏನೂ ಬರೆಯುವುದಿಲ್ಲ.

ಇನ್ನೊಂದು ವಿಚಿತ್ರ. ನೆವಾಡಾದಲ್ಲಿ ಇಂದು ಕ್ಯಾಸಿನೊ ಮುಚ್ಚಿದರೆ ಬಿಲ್ಲೆಗಳಿಗೆ ಹಣ ಕೊಟ್ಟು ವಾಪಸ್ ಪಡೆದು ನಾಶ ಮಾಡಬೇಕೆಂಬ ನಿಯಮವಿದೆ. ಕಳ್ಳ ಅಡ್ಡೆಗಳಿಗೆ ಅಂಥ ನಿಯಮ ಎಲ್ಲಿಯದು? ದಾಳಿಯಲ್ಲಿ ಸಿಗದೆ ಉಳಿದವು ಹಳೆಯ ಡಬ್ಬಿಗಳಲ್ಲಿ ಕೂತು, ಊರ ಹೆಸರಿಲ್ಲದೆ ಈಗ ಒಂದೊಂದಾಗಿ ಹೊರಬರುತ್ತಿವೆ.