ಕುಂಡದ ಕಳ್ಳಿಯ ಪೂರ್ವಚರಿತ್ರೆ

ನಮ್ಮ ಶಾಲೆಯ ಜಗಲಿಯಲ್ಲಿ ಕೆಂಪು ಹೂವಿನ ಮುಳ್ಳುಗಿಡವೊಂದಿತ್ತು. ಮಕ್ಕಳು ಸರದಿಯಂತೆ ದಿನವೂ ನೀರೆರೆದರು. ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಕೊಳೆತು ಗಿಡ ಸತ್ತಿತು. ತಪ್ಪು ಮಕ್ಕಳದಲ್ಲ, ಗಿಡದ ಚರಿತ್ರೆಯನ್ನು ತಿಳಿಸದೆ ಹೋದ ನಮ್ಮದು.

ನೋಟಕ್ಕೆ ಪಾಪಾಸುಕಳ್ಳಿಯ ನೆಂಟನಂತಿದ್ದರೂ ಇದು ನಮ್ಮ ಬೇಲಿಯ ಚದುರುಗಳ್ಳಿಯ ದಾಯಾದಿ. ಮುರಿದಾಗ ಸುರಿಯುವ ಹಾಲೇ ಅದಕ್ಕೆ ಸಾಕ್ಷಿ. ‘ಯುಫೋರ್ಬಿಯ’ ಎಂಬ ಕುಲನಾಮವು ಮಾರಿಟೇನಿಯದ ಅರಸು ಎರಡನೆಯ ಜೂಬನ ವೈದ್ಯನಾದ ಯುಫೋರ್ಬಸನಿಂದ ಬಂದುದು. ಗಿಡದ ತವರು ಮಡಗಾಸ್ಕರ್. ಇಂದು ರೆಯುನಿಯನ್ ಎನಿಸುವ ಬೂರ್ಬೊನ್ ದ್ವೀಪದ ಗವರ್ನರನಾಗಿದ್ದ ಮಿಲಿಯುಸನು 1821ರಲ್ಲಿ ಇದನ್ನು ಫ್ರಾನ್ಸಿಗೆ ಮುಟ್ಟಿಸಿದನು. 1826ರಲ್ಲಿ ಅವನ ಹೆಸರಿನಿಂದಲೇ ಇದು ‘ಯುಫೋರ್ಬಿಯ ಮಿಲಿಯೈ’ ಎನಿಸಿತು.

ತವರಿನ ಬಂಡೆಗಳ ನಡುವಣ ಬಾಳೇ ಇದರ ಆರೈಕೆಗೆ ಸೂತ್ರ. ಮರಳು ಬೆರೆತ ಮಣ್ಣು, ತಳದಲ್ಲಿ ತೂತುಳ್ಳ ಕುಂಡ, ಧಾರಾಳವಾದ ಬಿಸಿಲು, ಮಣ್ಣು ಒಣಗಿದ ಮೇಲೆಯೇ ನೀರು. ಕತ್ತರಿಸಿದ ರೆಂಬೆಯನ್ನು ಗಾಯ ಆರಿದ ಬಳಿಕ ನೆಟ್ಟರೆ ಬೇರುಬಿಡುವುದು. ಅದರ ಹಾಲು ವಿಷ, ಕಣ್ಣಿಗೆ ಸೋಕಕೂಡದು.

ಈಗ ಹೊಸ ರೆಂಬೆಯೊಂದನ್ನು ನೆಟ್ಟಿದ್ದೇವೆ. ಮಕ್ಕಳು ಮೊದಲು ಮಣ್ಣನ್ನು ಮುಟ್ಟಿ ನೋಡುವರು; ತೇವವಿದ್ದರೆ ತಂಬಿಗೆಯನ್ನು ಕೆಳಗಿಡುವರು. ಹುಟ್ಟಿದ ನೆಲವನ್ನು ಅರಿಯದ ಅಕ್ಕರೆಯೂ ಕೊಲ್ಲಬಲ್ಲುದೆಂಬುದನ್ನು ನಾವು ಅವರೊಡನೆ ಕಲಿತೆವು.